ರಕ್ತ ನಿಲ್ಲದ ಮನೆತನ

ಆ ಓಣಿಯಲ್ಲಿ ಯಾವ ಹುಡುಗಿಗೆ ತಲೆ ಸುತ್ತಿದರೂ ಉತ್ತರ ಒಂದೇ. "ವಯಸ್ಸಿನ ಹುಡುಗಿ, ಸರಿಹೋಗುತ್ತೆ ಬಿಡಿ." ಮುಖ ಬಿಳಿಚಿಕೊಂಡರೂ ಅದೇ ಮಾತು. ಮುಟ್ಟಾಗಿ ಹತ್ತು ದಿನ ಕಳೆದರೂ ರಕ್ತ ನಿಲ್ಲದಿದ್ದರೆ ಆಗಲೂ ಅದೇ ಮಾತು. ಹೇಳುವವರಿಗೇನು, ಖರ್ಚಿಲ್ಲದ ಮಾತು. ಹರಿದುಹೋಗುವುದು ಅವರ ರಕ್ತವಲ್ಲವಲ್ಲ!

ಟಾರ್ಪಾಲು ಅಂಗಡಿಯ ಸೂಜಿಯಕ್ಕನಿಗೆ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿತ್ತು.

ಸೂಜಿಯಕ್ಕ ಎಂಬುದು ಓಣಿಯವರು ಇಟ್ಟ ಹೆಸರು. ಲಾರಿಗಳಿಗೆ ಹೊದಿಸುವ ದಪ್ಪ ಟಾರ್ಪಾಲನ್ನು ದೊಡ್ಡ ಮಷೀನಿನಲ್ಲಿ ಹೊಲಿಯುವುದು ಅವಳ ಕೆಲಸ. ಅವಳ ಮಷೀನಿನ ಸೂಜಿ ಬೆರಳುದ್ದ ಇತ್ತು. ನಾಲಿಗೆ ಅದಕ್ಕಿಂತ ಚೂಪು ಎಂದು ಲಾರಿಯವರು ನಗುತ್ತಿದ್ದರು. ಟಾರ್ಪಾಲು ಕತ್ತರಿಸುವುದು, ಅಂಚಿಗೆ ಹಿತ್ತಾಳೆಯ ರಿಂಗು ಬಡಿಯುವುದು, ಲಾರಿ ಹತ್ತಿ ಹಗ್ಗ ಬಿಗಿಯುವುದು ಅವಳ ಗಂಡನ ಪಾಲು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಮೇಸ್ತ್ರಿಯ ತಾಯಿ ಇದ್ದರು, ಎಲ್ಲರಿಗೂ ಅವರು ಅಜ್ಜಿ. ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು ಇದ್ದಳು. ನಿಂತಲ್ಲಿ ನಿಲ್ಲದ ಹುಡುಗಿಯೆಂದು ಚಿಕ್ಕಂದಿನಿಂದ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು.

ಆ ಬುಗುರಿ ಈಗ ಕೂತಲ್ಲೇ ಕೂರುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಬುಗುರಿ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲೆ ಬಂದು ಕುಸಿದಿದ್ದಳು. ಸೂಜಿಯಕ್ಕ ಕೈಗೆ ಮೆತ್ತಿದ್ದ ಟಾರ್ಪಾಲಿನ ಮೇಣವನ್ನೂ ಒರೆಸಿಕೊಳ್ಳದೆ ಓಡಿದಳು. ಹುಡುಗಿಯನ್ನು ಟೀಚರುಗಳ ಕೋಣೆಯ ಬೆಂಚಿನ ಮೇಲೆ ಮಲಗಿಸಿದ್ದರು. ತುಟಿಯಲ್ಲಿ ಬಣ್ಣವೇ ಇರಲಿಲ್ಲ. ಕೆಳಗೆ ಹಾಸಿದ್ದ ಟವೆಲು ಕೆಂಪಗೆ ಒದ್ದೆಯಾಗಿತ್ತು.

"ಯಾವಾಗಿಂದ ಹೋಗ್ತಿದೆಯೇ?"

"ಲೆಕ್ಕ ಬಿಟ್ಟಿದೀನಮ್ಮ."

"ನನಗ್ಯಾಕೆ ಹೇಳ್ಲಿಲ್ಲ?"

ಬುಗುರಿ ಗೋಡೆಯ ಕಡೆ ಮುಖ ಮಾಡಿದಳು. "ಹೇಳಿದ್ರೆ ಅಜ್ಜಿ ಬೈತಾರೆ. ಅಪ್ಪ ಎದ್ದು ಹೊರಗೆ ಹೋಗ್ತಾರೆ. ನೀನು ಎಲ್ಲರ ಜೊತೆ ಜಗಳಕ್ಕೆ ನಿಲ್ತೀಯ. ಅದಕ್ಕೇ."

ಸೂಜಿಯಕ್ಕ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದಳು. ಬಾಗಿಲಲ್ಲೇ ಅಜ್ಜಿ ನಿಂತಿದ್ದರು.

"ಏನು ಮಹಾ ಆಯ್ತು ಅಂತ ಶಾಲೆ ಬಿಡಿಸಿ ಕರ್ಕೊಂಡು ಬಂದೆ? ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ. ನಾನೂ ಹೀಗೇ ಹರಿಸ್ಕೊಂಡು ಇಬ್ಬರನ್ನ ಹೆತ್ತೆ, ಸಾಕಿದೆ. ನಿನ್ನ ಮಗಳೇನು ಬೆಣ್ಣೆ ಗೊಂಬೆಯಾ?"

"ನೀವು ಹಲ್ಲು ಕಚ್ಚಿ ಸಹಿಸ್ಕೊಂಡ್ರಿ ಅಂತ ಅವಳೂ ಸಹಿಸ್ಕೋಬೇಕಾ ಅತ್ತೆ? ಮೆಟ್ಟಿಲ ಮೇಲೆ ಬಿದ್ದಿದಾಳೆ. ತಲೆ ಒಡೆದಿದ್ರೆ?"

"ನಮ್ಮ ಮನೇಲಿ ಯಾರಿಗೂ ಇಂಥ ನೀರು ರಕ್ತ ಇಲ್ಲಮ್ಮ. ನಿನ್ನ ತವರಿಂದ ಬಂದಿರ್ಬೇಕು."

ತನಗೂ ಹೀಗೇ ಹರಿಯುತ್ತಿತ್ತು ಎಂದ ಬಾಯಲ್ಲೇ, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂಬ ಮಾತು! ಸೂಜಿಯಕ್ಕ ಗಂಡನ ಮುಖ ನೋಡಿದಳು. ಮೇಸ್ತ್ರಿ ಅಳತೆ ಟೇಪನ್ನು ಜೇಬಿಗೆ ಹಾಕಿಕೊಂಡು, "ಇದು ಹೆಂಗಸರ ವಿಷಯ. ನೀವೇ ನೋಡ್ಕೊಳ್ಳಿ" ಎಂದು ಲಾರಿಯ ಕಡೆ ಹೊರಟುಹೋದ. ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮರುದಿನ ಸೂಜಿಯಕ್ಕ ಮಗಳನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು.

"ರಕ್ತ ಕಡಿಮೆ ಇದೆ. ಪ್ಲೇಟ್‌ಲೆಟ್ ನಾರ್ಮಲ್. ಕಬ್ಬಿಣದ ಮಾತ್ರೆ ಬರ್ಕೊಡ್ತೀನಿ."

"ರಕ್ತ ಕಡಿಮೆ ಆಗಿದ್ದು ಯಾಕೆ ಡಾಕ್ಟ್ರೇ? ಇಷ್ಟೊಂದು ಹೋಗ್ತಿರೋದು ಯಾಕೆ?"

"ಈ ವಯಸ್ಸಲ್ಲಿ ಕೆಲವರಿಗೆ ಹಾಗೇ."

"ತೂತು ಬಿದ್ದ ಕೊಡಕ್ಕೆ ನೀರು ತುಂಬ್ತಾ ಇರು ಅಂತೀರಾ? ತೂತು ಮುಚ್ಚೋದು ಯಾರು?"

ಡಾಕ್ಟರು ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಇನ್ನೊಂದು ಕಡೆ ಹೋದಳು. ಅಲ್ಲಿಯ ಡಾಕ್ಟರು ನಗುನಗುತ್ತಲೇ, "ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ" ಎಂದರು.

"ಮದುವೆ ಅನ್ನೋ ಮಾತ್ರೆ ಯಾವ ಅಂಗಡೀಲಿ ಸಿಗುತ್ತೆ ಡಾಕ್ಟ್ರೇ? ಊಟಕ್ಕೆ ಮುಂಚೆ ನುಂಗಬೇಕೋ, ಆಮೇಲೋ?"

ಅಲ್ಲಿಂದಲೂ ಎದ್ದು ಬಂದದ್ದಾಯಿತು. ದಾರಿಯುದ್ದಕ್ಕೂ ಬುಗುರಿ ತಲೆ ತಗ್ಗಿಸಿ ನಡೆದಳು. ಸೂಜಿಯಕ್ಕ ಅಂಗಡಿಗೆ ಬಂದು ಮಷೀನಿಗೆ ಕೂತಳು. ಆ ಸಂಜೆ ಅವಳು ತುಳಿದ ರಭಸಕ್ಕೆ ಸೂಜಿ ಲಟಕ್ಕನೆ ಮುರಿಯಿತು.

ಕಬ್ಬಿಣದ ಮಾತ್ರೆಯಿಂದ ಹುಡುಗಿಯ ಮುಖಕ್ಕೆ ತುಸು ಬಣ್ಣ ಬಂತು. ಮುಟ್ಟು ಬಂದಾಗ ಬಣ್ಣ ಹೊರಟುಹೋಯಿತು. ಹೀಗೇ ತಿಂಗಳುಗಳು ಉರುಳಿದವು. ಆಮೇಲೆ ಅವಳಿಗೆ ದವಡೆ ಹಲ್ಲಿನ ನೋವು ಶುರುವಾಯಿತು. ಹುಳುಕು ಹಲ್ಲು, ಕೀಳಲೇಬೇಕು ಎಂದರು ಹಲ್ಲಿನ ಡಾಕ್ಟರು. ಕಿತ್ತರು. ಹತ್ತಿ ಕಚ್ಚಿಸಿ ಮನೆಗೆ ಕಳಿಸಿದರು. ಸಂಜೆ ಮಗಳು ನೋವಿನಿಂದ ಒದ್ದಾಡುವುದನ್ನು ನೋಡಲಾರದೆ ಮೇಸ್ತ್ರಿ ತಾನೇ ಹೋಗಿ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿದ.

ಬೆಳಿಗ್ಗೆ ನೋಡಿದರೆ ದಿಂಬು ಪೂರ್ತಿ ಕೆಂಪು. ಹುಡುಗಿ ಬಟ್ಟಲು ಹಿಡಿದು ಉಗುಳುತ್ತಲೇ ಇದ್ದಳು. ಉಗುಳಿದಷ್ಟೂ ಬರುತ್ತಿತ್ತು. ಇಷ್ಟು ದಿನ ಕದ ಮುಚ್ಚಿದ ಬಚ್ಚಲಲ್ಲಿ ಹರಿದುಹೋದದ್ದು ಇವತ್ತು ಮೇಸ್ತ್ರಿಯ ಕಣ್ಣೆದುರೇ ಹರಿಯುತ್ತಿತ್ತು. ಬಾಯಿಂದ ಬರುವ ರಕ್ತಕ್ಕೆ 'ಹೆಂಗಸರ ವಿಷಯ' ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಮಗಳನ್ನು ಎತ್ತಿಕೊಂಡೇ ಓಡಿದ.

ಹಲ್ಲಿನ ಡಾಕ್ಟರು ಔಷಧಿ ಇಟ್ಟು, ಹೊಲಿಗೆ ಹಾಕಿ, ಬಹಳ ಹೊತ್ತು ಒತ್ತಿ ಹಿಡಿದ ಮೇಲೆ ರಕ್ತ ನಿಂತಿತು. ಅವರ ಹಣೆಯಲ್ಲೂ ಬೆವರು. ಕೈ ತೊಳೆದು ಬಂದು ಎದುರಿಗೆ ಕೂತರು.

"ಮನೇಲಿ ಯಾವ ಮಾತ್ರೆ ಕೊಟ್ರಿ?"

ಮೇಸ್ತ್ರಿ ಜೇಬಿನಿಂದ ಖಾಲಿ ಪಟ್ಟಿ ತೆಗೆದು ತೋರಿಸಿದ.

"ಆಸ್ಪಿರಿನ್. ಇದು ರಕ್ತ ಹೆಪ್ಪುಗಟ್ಟೋಕೆ ಬೇಕಾದ ಪ್ಲೇಟ್‌ಲೆಟ್ಟನ್ನ ಮಂಕು ಮಾಡುತ್ತೆ. ನಾನು ಬರ್ಕೊಟ್ಟಿದ್ದು ಬಿಟ್ಟು ಬೇರೆ ಕೊಡಬಾರದಿತ್ತು. ಆದ್ರೆ ಇದೊಂದರಿಂದಲೇ ಇಷ್ಟು ರಕ್ತ ಹೋಗಲ್ಲ." ಡಾಕ್ಟರು ಬುಗುರಿಯ ಕಡೆ ತಿರುಗಿದರು. "ಮೂಗಲ್ಲಿ ರಕ್ತ ಬರುತ್ತೇನಮ್ಮ? ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತಾ? ಮುಟ್ಟು ಎಷ್ಟು ದಿನ ಇರುತ್ತೆ? ನಾಚ್ಕೋಬೇಡ, ಹೇಳು."

ಅಪ್ಪನ ಎದುರಿಗೇ ಕೇಳಿಬಿಟ್ಟಿದ್ದರು. ಬುಗುರಿ ಅಪ್ಪನನ್ನು ನೋಡಿದಳು. ಮೇಸ್ತ್ರಿ ಏಳಲಿಲ್ಲ. ಬಾಯಲ್ಲಿ ಹತ್ತಿ ತುರುಕಿಕೊಂಡೇ ಹುಡುಗಿ ಎಲ್ಲದಕ್ಕೂ ಹೌದು ಎಂದು ತಲೆಯಾಡಿಸಿದಳು.

"ದೊಡ್ಡಾಸ್ಪತ್ರೇಲಿ ರಕ್ತದ ಕಾಯಿಲೆಗೇ ಬೇರೆ ವಿಭಾಗ ಇದೆ. ತಡ ಮಾಡಬೇಡಿ. ಇವತ್ತೇ ಹೋಗಿ" ಎಂದರು ಡಾಕ್ಟರು.

ರಕ್ತ ವಿಭಾಗದಲ್ಲಿದ್ದ ಡಾಕ್ಟರಮ್ಮನಿಗೆ ಗಡಸು ಗಂಟಲು. ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಕಣ್ಣು ಕೀಳುತ್ತಿರಲಿಲ್ಲ. ಸೂಜಿಯಕ್ಕ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಮಧ್ಯೆ ಒಮ್ಮೆಯೂ 'ಈ ವಯಸ್ಸಲ್ಲಿ ಹಾಗೇ' ಎನ್ನಲಿಲ್ಲ. ಆಮೇಲೆ ಮೇಸ್ತ್ರಿಯನ್ನು ಕೇಳಿದರು.

"ನಿಮ್ಮ ಮನೆತನದಲ್ಲಿ ಯಾರಾದ್ರೂ ರಕ್ತ ಹೋಗಿ ತೀರ್ಕೊಂಡಿದಾರಾ?"

ಮೇಸ್ತ್ರಿ ನೆಲ ನೋಡಿದ. "ಹೇಳ್ರೀ. ನಿಮ್ಮ ಅಕ್ಕನ ವಿಷಯ ಹೇಳಿ" ಎಂದಳು ಸೂಜಿಯಕ್ಕ.

"ನಮ್ಮಕ್ಕ... ಹೆರಿಗೆ ಆಗಿ ಮಗೂನ ಎತ್ಕೊಂಡು ಮನೆಗೆ ಬಂದಿದ್ಲು. ಚೆನ್ನಾಗೇ ಇದ್ಲು. ಒಂದು ವಾರ ಕಳೆದ ಮೇಲೆ ಇದ್ದಕ್ಕಿದ್ದ ಹಾಗೆ ಶುರುವಾಯ್ತು. ನಿಲ್ಲಲೇ ಇಲ್ಲ. ಬಾಣಂತಿಗೆ ಇದು ಇದ್ದದ್ದೇ ಅಂತ ಮನೇಲೇ ಮಲಗಿಸಿದ್ರು. ಆಸ್ಪತ್ರೆಗೆ ಒಯ್ಯೋ ಹೊತ್ತಿಗೆ ದಾರೀಲೇ ಹೋಗ್ಬಿಟ್ಲು. ಆಯಸ್ಸು ಅಷ್ಟೇ ಇತ್ತು ಅಂದ್ರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರು ಅಂದ್ರು?"

"ಎಲ್ಲರೂ ಅಂದ್ರು."

"ಮಗಳಿಗೆ, ನಿಮಗೆ, ನಿಮ್ಮ ಹೆಂಡತಿಗೆ, ಮೂವರಿಗೂ ಪರೀಕ್ಷೆ ಮಾಡಬೇಕು."

"ನನಗ್ಯಾಕೆ ಡಾಕ್ಟ್ರೇ? ನಾನು ಗಂಡಸು."

"ನಿಮ್ಮ ಮೊಣಕೈ ಮೇಲೆ ಈ ನೀಲಿ ಏನು?"

"ಲಾರಿ ಹಲಗೆ ತಾಗಿದ್ದು."

"ಹಲಗೆ ಎಲ್ಲರಿಗೂ ತಾಗುತ್ತೆ. ಎಲ್ಲರಿಗೂ ಅಂಗೈ ಅಗಲ ನೀಲಿ ಆಗಲ್ಲ. ಕೈ ಚಾಚಿ."

ಫಲಿತಾಂಶ ಬರುವ ದಿನ ಅಜ್ಜಿಯೂ ಹೊರಟರು. "ಮೊಮ್ಮಗಳಿಗೆ ಯಾವುದೋ ರೋಗದ ಹೆಸರು ಅಂಟಿಸಿ ಕಳಿಸ್ತಾರೆ. ನಾನೇ ಬಂದು ಕೇಳ್ತೀನಿ" ಎಂದು ಹಟ ಹಿಡಿದಿದ್ದರು. ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಅವರೇ ಕೂತರು. ಬೇರೆಯವರು ನಿಂತರು.

"ಈ ಕಾಯಿಲೆಗೆ ವಾನ್ ವಿಲ್ಲೆಬ್ರಾಂಡ್ ಅಂತ ಹೆಸರು" ಎಂದರು ಡಾಕ್ಟರಮ್ಮ. "ಹೆಸರು ನೆನಪಿಲ್ಲದಿದ್ರೂ ಚಿಂತೆಯಿಲ್ಲ, ವಿಷಯ ನೆನಪಿಟ್ಕೊಳ್ಳಿ. ರಕ್ತದಲ್ಲಿ ಪ್ಲೇಟ್‌ಲೆಟ್ ಅನ್ನೋ ಸಣ್ಣ ಸಣ್ಣ ಕಣ ತೇಲ್ತಾ ಇರ್ತವೆ. ಎಲ್ಲಾದ್ರೂ ರಕ್ತನಾಳ ಹರಿದ್ರೆ ಅವು ಅಲ್ಲಿ ನಿಂತು ಮುಚ್ಚಬೇಕು. ಆದ್ರೆ ರಕ್ತ ಜೋರಾಗಿ ಹರೀತಾ ಇರುತ್ತೆ, ನಿಲ್ಲೋದು ಹೇಗೆ? ಅದಕ್ಕೇ ರಕ್ತದಲ್ಲಿ ಉದ್ದ ದಾರದಂಥ ಇನ್ನೊಂದು ಅಂಶ ಇರುತ್ತೆ. ಅದು ಮೊದಲು ಹೋಗಿ ಹರಿದ ಜಾಗಕ್ಕೆ ಅಂಟ್ಕೊಳ್ಳುತ್ತೆ. ಪ್ಲೇಟ್‌ಲೆಟ್ಟಿನ ಮೈಮೇಲೆ ಒಂದು ಕೊಕ್ಕೆ ಇದೆ. ನಾವು ರಿಸೆಪ್ಟರ್ ಅಂತೀವಿ. ಆ ಕೊಕ್ಕೆಯಿಂದ ಅದು ದಾರಾನ ಹಿಡಿದು ನಿಲ್ಲುತ್ತೆ. ಒಂದು ನಿಂತ್ರೆ ಮಿಕ್ಕವನ್ನೂ ಕರೆಯುತ್ತೆ. ಎಲ್ಲ ಗುಂಪುಗೂಡಿ ತೂತು ಮುಚ್ತವೆ."

ಮೇಸ್ತ್ರಿ ಮೆಲ್ಲಗೆ ಕೇಳಿದ. "ಅಂದ್ರೆ ಟಾರ್ಪಾಲು ಕಟ್ಟಿದ ಹಾಗೆ. ಹಗ್ಗ ಕೊಕ್ಕೆಗೆ ಬಿದ್ರೇನೇ ನಿಲ್ಲೋದು. ಇವಳಿಗೆ ಹಗ್ಗ ಇಲ್ವಾ, ಕೊಕ್ಕೆ ಇಲ್ವಾ?"

"ಕೆಲವರಿಗೆ ಹಗ್ಗವೇ ಕಡಿಮೆ ಇರುತ್ತೆ. ತೀರಾ ಅಪರೂಪಕ್ಕೆ ಕೊಕ್ಕೆಯಲ್ಲೇ ದೋಷ ಇರುತ್ತೆ. ನಿಮ್ಮ ಮಗಳಿಗೆ ಹಗ್ಗವೂ ಇದೆ, ಕೊಕ್ಕೆಯೂ ಇದೆ. ಆದ್ರೆ ಹಗ್ಗದ ಕುಣಿಕೆ ಸರಿಯಿಲ್ಲ, ಕೊಕ್ಕೆಗೆ ಸಿಗ್ತಿಲ್ಲ. ಪ್ಲೇಟ್‌ಲೆಟ್ ಬರುತ್ತೆ, ಹಿಡಿಯೋಕೆ ಹೋಗುತ್ತೆ, ಜಾರಿ ಹೋಗುತ್ತೆ."

"ಅದಕ್ಕೇ ಆ ರಿಪೋರ್ಟಲ್ಲಿ ನಾರ್ಮಲ್ ಅಂತಿತ್ತಾ?" ಎಂದಳು ಸೂಜಿಯಕ್ಕ.

"ಹೌದು. ಅವರು ಪ್ಲೇಟ್‌ಲೆಟ್ ಎಷ್ಟಿದೆ ಅಂತ ಎಣಿಸಿದ್ರು. ಅದು ಸರಿಯಾಗೇ ಇದೆ. ಅದರ ಕೈಗೆ ಏನಾದ್ರೂ ಸಿಗ್ತಿದೆಯಾ ಅಂತ ನೋಡೋಕೆ ಬೇರೆ ಪರೀಕ್ಷೆ ಬೇಕು. ಯಾರೂ ಮಾಡಿಸ್ಲಿಲ್ಲ."

ಅಜ್ಜಿ ಇಷ್ಟು ಹೊತ್ತು ಕಾದಿದ್ದ ಪ್ರಶ್ನೆ ಕೇಳಿಯೇಬಿಟ್ಟರು. "ಅದೆಲ್ಲ ಇರ್ಲಿ. ಇದು ಯಾರ ಕಡೆಯಿಂದ ಬಂತು?" ಸೊಸೆಯ ಕಡೆ ಓರೆಗಣ್ಣಿನಿಂದ ನೋಡಿದರು.

"ನಿಮ್ಮ ಮಗನ ಕಡೆಯಿಂದ" ಎಂದರು ಡಾಕ್ಟರಮ್ಮ. "ಅವರಿಗೂ ಇದೆ. ಗಂಡಸರಿಗೆ ತಿಂಗಳ ಮುಟ್ಟಿಲ್ಲ, ಹೆರಿಗೆ ಇಲ್ಲ. ಅದಕ್ಕೇ ಗೊತ್ತಾಗ್ಲಿಲ್ಲ. ಮುಟ್ಟಲ್ಲಿ ನಿಮಗೂ ಹೀಗೇ ಹರೀತಿತ್ತು ಅಂತ ನಿಮ್ಮ ಸೊಸೆ ಹೇಳಿದ್ರು. ನಿಮ್ಮಿಂದಲೇ ಅವರಿಗೆ ಬಂದಿರಬಹುದು."

ಸೂಜಿಯಕ್ಕ ಈ ಗಳಿಗೆಗಾಗಿ ಮಾತು ಮಸೆದು ಇಟ್ಟಿದ್ದಳು. 'ಈಗ ಹೇಳಿ ಅತ್ತೆ, ನೀರು ರಕ್ತ ಯಾರದ್ದು?' ಎಂದು ಕೇಳಬೇಕೆಂದು ನಾಲಿಗೆ ತುದಿಯಲ್ಲೇ ಇತ್ತು. ಅಜ್ಜಿಯ ಮುಖ ನೋಡಿದವಳಿಗೆ ಆ ಮಾತು ಆಡಲಾಗಲಿಲ್ಲ. ಅಜ್ಜಿ ಮೇಜಿನ ಅಂಚು ಹಿಡಿದುಕೊಂಡಿದ್ದರು.

"ಹಾಗಾದ್ರೆ ನನ್ನ ಮಗಳು?"

"ಅವರಿಗೆ ಪರೀಕ್ಷೆ ಆಗಿಲ್ಲ. ಖಂಡಿತ ಅಂತ ಹೇಳೋಕೆ ನನಗಾಗಲ್ಲ ಅಮ್ಮ. ಆದ್ರೆ ನಡೆದದ್ದು ಕೇಳಿದ್ರೆ ಇದೇ ಇರಬಹುದು ಅನ್ಸುತ್ತೆ. ಈ ಕಾಯಿಲೆ ಇದ್ದವರಿಗೆ ಹೆರಿಗೆಯಾಗಿ ವಾರಗಳಾದ್ಮೇಲೂ ರಕ್ತ ಹೋಗೋ ಅಪಾಯ ಇರುತ್ತೆ."

"ಮೊದಲೇ ಗೊತ್ತಿದ್ದಿದ್ರೆ?"

"ಹೆರಿಗೆ ಹೊತ್ತಿಗೆ ಔಷಧಿ ಸಿದ್ಧ ಇಟ್ಕೋಬಹುದಿತ್ತು. ಮನೆಗೆ ಹೋದ ಮೇಲೂ ಮಾತ್ರೆ ಕೊಟ್ಟು ಕಣ್ಣಿಟ್ಟು ನೋಡಬಹುದಿತ್ತು."

"ಬದುಕ್ತಿದ್ಲಾ?"

"ಬದುಕೋ ಸಾಧ್ಯತೆ ಬಹಳ ಇತ್ತು."

ಅಜ್ಜಿ ಅಳಲಿಲ್ಲ. ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. "ಆಯಸ್ಸು ಮುಗಿದಿತ್ತು ಅಂದ್ರಲ್ಲ! ಅಷ್ಟು ಜನರಲ್ಲಿ ಒಬ್ಬರೂ ಯಾಕೆ ನಿಲ್ತಿಲ್ಲ ಅಂತ ಕೇಳ್ಲಿಲ್ವಲ್ಲ! ನಾನೂ ಕೇಳ್ಲಿಲ್ವಲ್ಲ!" ಹೊರಗಿನ ಸಾಲಿನಲ್ಲಿ ಕೂತವರೆಲ್ಲ ಬಾಗಿಲ ಕಡೆ ತಿರುಗಿದರು. ಅಜ್ಜಿ ಮಗನ ತೋಳು ಹಿಡಿದು ಜಗ್ಗಿದರು. "ಅವಳ ಮಗಳು ಬಸುರಿ ಇದಾಳೆ ಕಣೋ. ನಡಿ. ಈಗಲೇ ನಡಿ."

ಆ ಮೊಮ್ಮಗಳನ್ನು ಅಜ್ಜಿ ಮಾತನಾಡಿಸಿ ಯಾವುದೋ ಕಾಲವಾಗಿತ್ತು. ಅವಳ ಅಪ್ಪ, ಅಂದರೆ ಅಜ್ಜಿಯ ಅಳಿಯ, ಮಾರುಕಟ್ಟೆಯ ಹತ್ತಿರ ಬೀಗ ರಿಪೇರಿ ಅಂಗಡಿ ಇಟ್ಟಿದ್ದ. ಸಂಬಂಧ ಕುದುರಿದಾಗ 'ಬೀಗದವರೇ ಬೀಗರಾದರು' ಎಂದು ಎಲ್ಲರೂ ತಮಾಷೆ ಮಾಡಿದ್ದರು. ಮಗಳು ಸತ್ತ ಮೇಲೆ ಆ ಬೀಗತನಕ್ಕೇ ಬೀಗ ಬಿತ್ತು. ನೀನು ಹೊಟ್ಟೆಗೆ ಹಾಕದೆ ನನ್ನ ಮಗಳನ್ನು ಕೊಂದೆ ಎಂದು ಅಜ್ಜಿ ಹತ್ತು ಜನರ ಎದುರು ಕೂಗಿದ್ದರು. ರೋಗದ ಹುಡುಗಿಯನ್ನು ನನಗೆ ಕಟ್ಟಿದಿರಿ ಎಂದು ಅವನೂ ಕೂಗಿದ್ದ. ಕೂಸನ್ನು ಅವನೊಬ್ಬನೇ ಸಾಕಿದ. ಆ ಕೂಸು ಈಗ ತುಂಬು ಬಸುರಿ. ಗಂಡ ದೂರದೂರಿಗೆ ಲಾರಿ ಓಡಿಸುವವನಾದ್ದರಿಂದ ಅಪ್ಪನ ಜೊತೆಗೇ ಇದ್ದಳು.

ಅಂಗಡಿಯ ಮೂರು ಗೋಡೆಗೂ ಬೀಗದ ಕೈಗಳು ನೇತಾಡುತ್ತಿದ್ದವು. ಬೀಗದವನು ಒಂದು ಕೀಲಿಯನ್ನು ಅರದಿಂದ ಉಜ್ಜುತ್ತಿದ್ದ. ತಲೆಯೆತ್ತಿ ನೋಡಿದವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ದಾರಿ ತಪ್ಪಿ ಬಂದ್ರಾ?"

ಅಜ್ಜಿ ಹೊಸ್ತಿಲ ಹೊರಗೇ ನಿಂತರು. ಸೂಜಿಯಕ್ಕ ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿ ನಕ್ಕ. ಅದು ಕಹಿ ನಗು.

"ನನ್ನ ಹೆಂಡ್ತಿ ಸತ್ತಾಗ ಕೊಲೆಗಾರ ಅಂದ್ರಿ. ಈಗ ಮಗಳಿಗೆ ರೋಗ ಅನ್ನೋಕೆ ಬಂದಿದೀರಾ? ಅವಳ ಸ್ಕ್ಯಾನು, ರಕ್ತ, ಎಲ್ಲಾ ನಾರ್ಮಲ್ ಇದೆ. ಹೋಗಿ ಬನ್ನಿ."

"ನಾರ್ಮಲ್ ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ ಅಣ್ಣಾ!" ಸೂಜಿಯಕ್ಕನ ದನಿಗೆ ಕೀಲಿಗಳೇ ಅಲುಗಿದಂತಾಯಿತು. "ನನ್ನ ಮಗಳೂ ನಾರ್ಮಲ್ಲೇ. ನಾರ್ಮಲ್ ಆಗಿ ಮೆಟ್ಟಿಲ ಮೇಲೆ ಬಿದ್ಲು. ನಾರ್ಮಲ್ ಆಗಿ ಬಟ್ಟಲು ತುಂಬ ರಕ್ತ ಉಗುಳಿದ್ಲು. ನಿಮಗೆ ನಮ್ಮ ಮೇಲೆ ಸಿಟ್ಟಿದೆಯಾ? ಇರ್ಲಿ. ಸಾಯೋ ತನಕ ಇಟ್ಕೊಳ್ಳಿ. ಆ ಸಿಟ್ಟಿಗೆ ಇನ್ನೊಬ್ಬ ಬಾಣಂತೀನ ಬಲಿ ಕೊಡ್ತೀರಾ?"

ಅವನು ಕೀಲಿಯನ್ನು ಇನ್ನೂ ಜೋರಾಗಿ ಉಜ್ಜಿದ. ಆಗ ಮೇಸ್ತ್ರಿ ಮುಂದೆ ಬಂದ. ಇಂಥ ಮಾತು ಬಂದರೆ ಎದ್ದು ಹೋಗುವ ಮೇಸ್ತ್ರಿ!

"ಭಾವ, ನನಗೂ ಅದೇ ಕಾಯಿಲೆ ಇದೆ. ರಿಪೋರ್ಟ್ ಬಂದಿದೆ. ಅಕ್ಕನಿಗೂ ಇತ್ತು ಅಂತ ಕಾಣುತ್ತೆ. ನೀವು ಕೊಲ್ಲಲಿಲ್ಲ. ನಾವೂ ಬಚ್ಚಿಟ್ಟು ಕೊಡಲಿಲ್ಲ. ಗೊತ್ತೇ ಇರಲಿಲ್ಲ. ಈಗ ಗೊತ್ತಾಗಿದೆ. ಮುಟ್ಟು ಹೆಂಗಸರ ವಿಷಯ ಅಂತ ನಾನು ಎಷ್ಟು ಸಲ ಎದ್ದು ಹೋದೆನೋ. ನೀವಾದ್ರೂ ಮಗಳನ್ನ ಒಂದು ಮಾತು ಕೇಳಿ."

ಒಳಗಿನ ಬಾಗಿಲಲ್ಲಿ ಮಗಳು ನಿಂತಿದ್ದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಚೌಕಟ್ಟಿನ ಮೇಲೆ.

"ಅಪ್ಪ, ನನಗೂ ಹಾಗೇ ಆಗ್ತಿತ್ತು" ಎಂದಳು. "ಶಾಲೇಲಿದ್ದಾಗಿಂದ. ಹಾಸಿಗೆಗೆ ಪ್ಲಾಸ್ಟಿಕ್ ಹಾಕ್ಕೊಂಡು ಮಲಗ್ತಿದ್ದೆ. ಮನೇಲಿ ನೀವೊಬ್ಬರೇ. ನಿಮ್ಮ ಹತ್ರ ಹೇಗೆ ಹೇಳ್ಲಿ?"

ಅರದ ಸದ್ದು ನಿಂತಿತು.

ಅಜ್ಜಿ ಹೊಸ್ತಿಲು ದಾಟಿ ಬಂದರು. "ಅಳಿಯಂದ್ರೇ, ನಿಮಗೆ ನಾನು ಅಂದ ಮಾತು ತಪ್ಪು. ಬೈಯೋದಿದ್ರೆ ಆಮೇಲೆ ಬೈಯಿರಿ, ಕೂತು ಕೇಳ್ತೀನಿ. ಮೊದಲು ಹುಡುಗೀನ ಆಸ್ಪತ್ರೆಗೆ ಕಳಿಸಿ."

ಬೀಗದವನು ಎದ್ದು ಅಂಗಡಿಯ ಶಟರು ಎಳೆದ. "ಆಟೋ ಕರೀರಿ" ಎಂದು ಮೇಸ್ತ್ರಿಗೆ ಹೇಳಿದ.

ಪರೀಕ್ಷೆಯಾಯಿತು. ಅವಳಿಗೂ ಅದೇ ಕಾಯಿಲೆ ಇತ್ತು. ರಕ್ತದ ಡಾಕ್ಟರಮ್ಮ, ಹೆರಿಗೆ ಡಾಕ್ಟರು ಇಬ್ಬರೂ ಕೂಡಿ ಮಾತಾಡಿದರು. ಯಾವ ಆಸ್ಪತ್ರೆ, ಯಾವ ಔಷಧಿ, ಯಾವಾಗ ಎಂದು ಮೊದಲೇ ಗೊತ್ತು ಮಾಡಿದರು. ನೋವು ಶುರುವಾದಾಗ, ರಕ್ತ ನಿಲ್ಲಿಸುವ ಆ ದಾರದಂಥ ಅಂಶವನ್ನೇ ಇಂಜೆಕ್ಷನ್ ಮಾಡಿ ಕೊಟ್ಟರು. ಮಗು ಹುಟ್ಟಿತು. ಹೆಣ್ಣು ಮಗು, ಗಟ್ಟಿ ಗಂಟಲಿನದು. ತಾಯಿ ಮಾತ್ರೆಗಳನ್ನು ಹಿಡಿದುಕೊಂಡು ಮನೆಗೆ ಬಂದಳು.

ಅವಳ ತಾಯಿಯನ್ನು ನುಂಗಿದ್ದೂ ಹೀಗೆ ಹೆರಿಗೆಯಾಗಿ ಮನೆಗೆ ಬಂದ ಮೇಲಿನ ವಾರವೇ. ಎಲ್ಲರಿಗೂ ಅದು ಗೊತ್ತಿತ್ತು, ಅಜ್ಜಿ ಬಾಣಂತನಕ್ಕೆಂದು ಅಲ್ಲೇ ಬಂದು ಉಳಿದಿದ್ದರು. ಒಂದು ಬೆಳಿಗ್ಗೆ ರಕ್ತ ಹೆಚ್ಚಾಯಿತು. ನೋಡಲು ಬಂದಿದ್ದ ಪಕ್ಕದ ಮನೆಯಾಕೆ, "ಬಾಣಂತಿಗೆ ಇದು ಇದ್ದದ್ದೇ, ಮಲಗಿಸಿ" ಎಂದಳು. ಅಜ್ಜಿ ಆ ಹೆಂಗಸಿನ ಮೇಲೆ ಎಗರಿದರು. "ಇನ್ನೊಂದು ಸಲ ಆ ಮಾತು ಆಡಿದ್ರೆ ನಾಲಿಗೆ ಹೊಲಿದುಬಿಡ್ತೀನಿ!" ಬೀಗದವನು ಅಷ್ಟರಲ್ಲಿ ಮಗಳನ್ನು ಆಟೋದಲ್ಲಿ ಕೂರಿಸಿ ಆಗಿತ್ತು. ಆಸ್ಪತ್ರೆಯಲ್ಲಿ ಮತ್ತೆ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ರಕ್ತ ಹತೋಟಿಗೆ ಬಂತು.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಒಂದು ತುದಿಯಲ್ಲಿ ಅತ್ತೆ, ಇನ್ನೊಂದು ತುದಿಯಲ್ಲಿ ಅಳಿಯ ಕೂತಿದ್ದರು. ಇಬ್ಬರ ನಡುವೆ ಕೂಸು ಸೂಜಿಯಕ್ಕನ ಮಡಿಲಲ್ಲಿ ಮಲಗಿತ್ತು. ಅವರಿಬ್ಬರಿಗೂ ಇವತ್ತಿಗೂ ಹೆಚ್ಚು ಮಾತಿಲ್ಲ. ಹಳೆಯ ಗಾಯ, ಒಂದೇ ದಿನಕ್ಕೆ ಮಾಯುವುದಿಲ್ಲ.

ಬುಗುರಿ ಈಗ ಮುಟ್ಟಿನ ದಿನಗಳಲ್ಲಿ ಡಾಕ್ಟರಮ್ಮ ಹೇಳಿದ ಮಾತ್ರೆ ನುಂಗುತ್ತಾಳೆ. ಕಬ್ಬಿಣದ ಮಾತ್ರೆಯೂ ಇದೆ. ಶಾಲೆ ತಪ್ಪಿಸುವುದಿಲ್ಲ. ಮೇಸ್ತ್ರಿ ತನ್ನ ಕಾಯಿಲೆಯ ಹೆಸರು ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾನೆ. ಅಪಘಾತವಾದರೆ ಡಾಕ್ಟರಿಗೆ ತಿಳಿಯಲಿ ಎಂದು. ಇನ್ನು ಅಜ್ಜಿ ಓಣಿಯ ಹೆಂಗಸರ ಸಂಘಕ್ಕೆ ಕರೆಯದಿದ್ದರೂ ಹೋಗಿ ಮನೆಯ ಕಾಯಿಲೆಯ ಕಥೆಯನ್ನೆಲ್ಲ ಹೇಳುತ್ತಾರೆ.

"ಇಂಥದ್ದೆಲ್ಲ ನಾಲ್ಕು ಜನರ ಮುಂದೆ ಹೇಳ್ಬಾರ್ದು ಅಜ್ಜಿ. ಮೊಮ್ಮಗಳಿಗೆ ನಾಳೆ ಗಂಡು ಸಿಗಲ್ಲ" ಎಂದು ಒಬ್ಬಳು ಕಿವಿಯಲ್ಲಿ ಪಿಸುಗುಟ್ಟಿದಳು.

"ಮುಚ್ಚಿಟ್ಟಿದ್ದಕ್ಕೇ ನನ್ನ ಮಗಳು ಮಣ್ಣಾದ್ಲು" ಎಂದರು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. "ಇದನ್ನ ಕೇಳಿ ಓಡಿಹೋಗೋ ಗಂಡು ನಮಗೆ ಬೇಡ. ನಿನ್ನ ಮಗಳಿಗೆ ಮುಟ್ಟು ಎಷ್ಟು ದಿನ ಇರುತ್ತೆ, ಹೇಳು ಮೊದಲು."

ಆ ಹೆಂಗಸು ಅತ್ತಿತ್ತ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಹತ್ತು ದಿನ" ಎಂದಳು.

ಈ ಕಥೆ ಓದುತ್ತಿರುವ ಅಕ್ಕ, ಅಮ್ಮ, ಅಣ್ಣ, ಅಪ್ಪ, ಈಗ ಅದೇ ಪ್ರಶ್ನೆ ನಿಮಗೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮುಟ್ಟು ಏಳು ದಿನ ದಾಟುತ್ತದೆಯೇ? ಗಂಟೆ ಎರಡು ಗಂಟೆಗೇ ಪ್ಯಾಡು ತುಂಬಿಹೋಗುತ್ತದೆಯೇ? ಮೂಗಿನಲ್ಲಿ ಪದೇ ಪದೇ ರಕ್ತ ಬರುತ್ತದೆಯೇ? ಕಾರಣವಿಲ್ಲದೆ ಮೈ ನೀಲಿಗಟ್ಟುತ್ತದೆಯೇ? ಹಲ್ಲು ಕಿತ್ತಾಗ, ಗಾಯವಾದಾಗ, ಹೆರಿಗೆಯಾದಾಗ ರಕ್ತ ನಿಲ್ಲದೆ ಯಾರಾದರೂ ನರಳಿದ್ದಾರೆಯೇ? ಹಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಪ್ಲೇಟ್‌ಲೆಟ್ ನಾರ್ಮಲ್ ಎಂದು ಹೇಳಿ ಕಳಿಸಿದರೆ ಎದ್ದು ಬರಬೇಡಿ, "ರಕ್ತ ಯಾಕೆ ನಿಲ್ಲುತ್ತಿಲ್ಲ, ರಕ್ತಸ್ರಾವದ ಕಾಯಿಲೆಯ ಪರೀಕ್ಷೆ ಎಲ್ಲಿ ಮಾಡುತ್ತಾರೆ?" ಎಂದು ಕೇಳಿ. ಡಾಕ್ಟರನ್ನು ಕೇಳದೆ ಆಸ್ಪಿರಿನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ನುಂಗಿಸಬೇಡಿ. ಒಬ್ಬರಿಗೆ ಕಾಯಿಲೆ ಇದೆ ಎಂದು ಗೊತ್ತಾದರೆ ಗಂಡಸರೂ ಸೇರಿ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಬಸುರಿಯಿದ್ದರೆ ಅವಳನ್ನು ಎಲ್ಲರಿಗಿಂತ ಮೊದಲು ಕರೆದೊಯ್ಯಿರಿ.

ಇದಕ್ಕೆ ಔಷಧಿ ಇದೆ. ಇದ್ದೂ ಹೆಣ್ಣುಮಕ್ಕಳು ಹಾಸಿಗೆಗೆ ಪ್ಲಾಸ್ಟಿಕ್ ಹಾಸಿಕೊಂಡು ಮಲಗುತ್ತಿದ್ದಾರೆ, ಆಯಸ್ಸಿನ ಹೆಸರಿನಲ್ಲಿ ಸಾಯುತ್ತಿದ್ದಾರೆ. ನಿಮಗೆ ಸಿಟ್ಟು ಬರಲಿ. ನಿಮ್ಮ ಮನೆಯ ಹುಡುಗಿ ಇವತ್ತು ಏನನ್ನೋ ಹೇಳಲು ಬಂದು, ನಿಮ್ಮ ಮುಖ ನೋಡಿ ಹಿಂದಿರುಗಿದ್ದರೆ, ಈ ಹಾಳೆ ಕೆಳಗಿಟ್ಟು ಏಳಿ. ಹೋಗಿ ಅವಳನ್ನು ಕೇಳಿ.